ಜಾಗ ತಪ್ಪಿದ ಮೂರನೇ ಬೋರು

ದೆವ್ವ, ಶಕುನ, ಕಣಿ ಎಂದವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕಟ್ಟಡ ಏಳುವ ಮುಂಚೆ ನೆಲಕ್ಕೆ ಬೋರು ಹಾಕಿ ಮಣ್ಣಿನ ಗಟ್ಟಿತನ ನೋಡುವುದು ನನ್ನ ಕಸುಬು. ನಾನು ಟೇಪು ಹಿಡಿದರೆ ಒಂದು ಬೆರಳೂ ಆಚೀಚೆ ಆಗದು ಎಂಬ ಜಂಬ ಬೇರೆ. ಅಂಥ ನನಗೇ ಹೀಗಾಯಿತು. ನೀವು ನಂಬಲೇಬೇಕೆಂದೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ತಾಳವಾಡಿಯ ಸಂತೆಮಾಳದ ಹಳೆಯ ಕಟ್ಟೆಗಳನ್ನು ಕೆಡವಿ ಅಂಗಡಿ ಸಾಲು ಕಟ್ಟಬೇಕೆಂದಾಯಿತು. ಪಂಚಾಯ್ತಿಯವರು ಮೊದಲು ಮಣ್ಣು ಪರೀಕ್ಷೆಗೆ ಹಣ ಕೊಟ್ಟರು. ಊರಿಗೆಲ್ಲ ಅದೇ ತಮಾಷೆ. "ನೆಲ ನೋಡಕ್ಕೂ ದುಡ್ಡಾ? ನಮ್ಗೇನ್ ಕಣ್ಣಿಲ್ವಾ?" ಎಂದು ಟೀ ಅಂಗಡಿಯಲ್ಲಿ ಕಿಚಾಯಿಸುತ್ತಿದ್ದರು. ಈರೋಡಿನಿಂದ ಬಂದ ಎಂಜಿನಿಯರ್ ಮೇಡಂ ಮಾತ್ರ ನಗುವವರಲ್ಲ. ಅಳತೆ ತಪ್ಪಿದರೆ ಮನೆಗೆ ಕಳಿಸುವುದಾಗಿ ಮೊದಲ ದಿನವೇ ಹೇಳಿದ್ದರು. ನಮ್ಮೂರು ಗೆಟ್ಟವಾಡಿಗೆ ಸಂಜೆ ಮರಳಬಹುದಾದ ಕೆಲಸ ನನಗೆ ಸಿಕ್ಕಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ಮೂರನೇ ಬೋರು ನಕ್ಷೆಯ ಪ್ರಕಾರ ಪೂರ್ವದ ಗೋಡೆಯಿಂದ ಹದಿನೆಂಟು ಮೀಟರ್. ಟೇಪಿನ ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಎಳೆದೆ. ನನ್ನ ಜೊತೆ ಬೋರಿನ ಹಗ್ಗ ಎಳೆಯುವ ತಾಳಮಲೆಯ ಜಡೇಗೌಡನೂ ಬಂದು ನೋಡಿದ. ಮೂರು ಸಲ ಅಳೆದೆವು, ಮೂರು ಸಲವೂ ಹದಿನೆಂಟು. ಗೂಟ ಹೊಡೆದು, ಹಗ್ಗ ರಾಟೆ ತೂಗುವ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ ಬೋರು ಶುರುಮಾಡಿದೆವು.

ಮಧ್ಯಾಹ್ನ ಬಂದ ಮೇಡಂ ಹುಬ್ಬು ಗಂಟಿಕ್ಕಿ, ತಾವೇ ಟೇಪು ಎಳೆದರು. ಹದಿನೈದು! ನನ್ನ ಮುಖ ಇಂಗು ತಿಂದ ಮಂಗನಂತಾಯಿತು.

"ಇಲ್ಲ ಮೇಡಂ, ನಾನೂ ನೋಡಿವ್ನಿ. ಅದ್ನೆಂಟೇ ಇತ್ತು!" ಎಂದ ಜಡೇಗೌಡ.

ಮೇಡಂ ಕೇಳಲಿಲ್ಲ. ಸರಿಯಾದ ಜಾಗಕ್ಕೆ ಸುಣ್ಣದ ಗುರುತು ಹಾಕಿಸಿದರು. "ಊಟ ಮಾಡಿ ಮುಕ್ಕಾಲಿ ಅಲ್ಲಿಗೆ ಸರಿಸಿ. ಆಮೇಲೆ ನೀನು ಹೊರಡು" ಎಂದು ನನ್ನ ಕಡೆ ನೋಡಿದರು. ತಪ್ಪಾಯಿತು ಎಂದು ಎಷ್ಟು ಸಲ ಹೇಳಿದೆನೋ.

ಬುತ್ತಿ ಬಿಚ್ಚಿ ಕುಳಿತೆವು. ಅಷ್ಟರಲ್ಲಿ ಕೋಸು ತುಂಬಿದ ಲಾರಿಯೊಂದು ಮಾಳದೊಳಗೆ ಹಿಂದಕ್ಕೆ ಬಂತು. ಹಿಂದಿನ ಚಕ್ರ ಸುಣ್ಣದ ಗುರುತಿಗೆ ಬಂದದ್ದೇ ತಡ, ನೆಲ ಧೊಪ್ಪನೆ ಕುಸಿದು ಲಾರಿ ವಾಲಿತು. ಕೋಸುಗಳೆಲ್ಲ ಮಾಳದ ತುಂಬ ಉರುಳಿದವು. ಡ್ರೈವರ್ ಹಾರಿ ಇಳಿದು ತಲೆಯ ಮೇಲೆ ಕೈ ಹೊತ್ತ. ಹೆಂಗಸರು ಮಡಿಲು ಒಡ್ಡಿಕೊಂಡು ಓಡಿ ಬಂದರು. ಅರ್ಧಕ್ಕರ್ಧ ಕೋಸು ಮತ್ತೆ ಲಾರಿ ಹತ್ತಲಿಲ್ಲ.

ಲಾರಿಯನ್ನು ಎಳೆದ ಮೇಲೆ ಊರಿನ ಹಿರಿಯ ರೈತ ಬಸಪ್ಪನವರು ಗುಂಡಿಗೆ ಬಗ್ಗಿ ನೋಡಿದರು. "ಇದು ರಾಗಿ ಅಗೇವು ಕಣಪ್ಪಾ!" ಎಂದರು. ಹಿಂದಿನವರು ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ, ಕಳ್ಳರಿಗೆ ಗೊತ್ತಾಗದಂತೆ ಮೇಲೆ ಮಣ್ಣೆಳೆದು, ಜಾಗವನ್ನು ಹಿರಿಮಗನಿಗೆ ಮಾತ್ರ ಹೇಳುತ್ತಿದ್ದರಂತೆ. ಈ ಹಗೇವಿನ ಗುಟ್ಟು ಯಾರೊಂದಿಗೆ ಮಣ್ಣಾಯಿತೋ, ಬಸಪ್ಪನವರಿಗೂ ತಿಳಿಯದು. ಇಳಿಯುವ ಮುಂಚೆ ದೀಪ ಬಿಟ್ಟು ನೋಡುವುದು ವಾಡಿಕೆ. ಹಗ್ಗಕ್ಕೆ ಕಟ್ಟಿದ ಲಾಟೀನು ಒಂದಾಳು ಆಳ ಇಳಿಯುವಷ್ಟರಲ್ಲಿ ಆರಿಹೋಯಿತು.

"ಒಳಗೆ ಕೆಟ್ಟ ಗಾಳಿ. ಬಿದ್ದವ್ನು ಕೂಗಕ್ಕೂ ಆಗ್ತಿರಲಿಲ್ಲ" ಎಂದರು ಬಸಪ್ಪನವರು. ನಕ್ಷೆಯಂತೆ ನಡೆದಿದ್ದರೆ ಬೆಳಗಿನಿಂದ ಅಲ್ಲಿ ಹಗ್ಗ ಹಿಡಿದು ನಿಂತಿರುತ್ತಿದ್ದವನು ಜಡೇಗೌಡ.

ಸಂಜೆ ಮತ್ತೆ ಅಳೆದೆ. ಅದೇ ಟೇಪು, ಅದೇ ಮೊಳೆ. ನಮ್ಮ ಗೂಟಕ್ಕೆ ಹದಿನೈದೇ. ಬೆಳಗ್ಗೆ ನಾವಿಬ್ಬರೂ ಕಂಡ ಹದಿನೆಂಟು ಎಲ್ಲಿಂದ ಬಂತು? ಇವತ್ತಿಗೂ ನನಗೆ ಗೊತ್ತಿಲ್ಲ.

ಮೇಡಂ ಪುಸ್ತಕ ತೆರೆದು, ಮೂರನೇ ಬೋರಿನ ಜಾಗ ಬದಲಾಗಿದೆ ಎಂದು ಬರೆದರು. "ಕಾರಣ?" ಎಂದು ಕೇಳಿದರು. ಪಕ್ಕದಲ್ಲಿ ಜಡೇಗೌಡ ಒಂದು ಕೋಸು ಕಂಕುಳಲ್ಲಿಟ್ಟುಕೊಂಡು ಹಲ್ಲು ಕಿರಿಯುತ್ತ ನಿಂತಿದ್ದ. ಮಧ್ಯಾಹ್ನದಿಂದ ನಾನು ಹೇಳುತ್ತಲೇ ಇದ್ದ 'ನನ್ನ ತಪ್ಪು' ಎಂಬ ಮಾತು, ಅವನ ಮುಖ ನೋಡಿ, ಬಾಯಿಂದ ಹೊರಡಲೇ ಇಲ್ಲ. ಮೇಡಂ ಕಾರಣದ ಜಾಗ ಖಾಲಿ ಬಿಟ್ಟು ಪೆನ್ನು ಮುಚ್ಚಿ, "ನಾಳೆ ಬೇಗ ಬಾ" ಎಂದರು.