ನಮ್ಮ ಮನೆಯ ಬಸುರಿ ಬೆಟ್ಟಾ

ಯಾದಗಿರಿಯ ಬಣ್ಣದ ಮೀನಿನ ಅಂಗಡಿಯವನು ಬೆಟ್ಟಾ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತ, "ಇದು ಹೆಣ್ಣರಿ ಮೇಡಂ. ಒಂದ ಇಡ್ರಿ. ಜೋಡಿ ಮಾಡಿದ್ರ ಬಡದಾಡ್ತಾವ" ಎಂದಿದ್ದ. ಗಂಡಿಗೆ ಮದುಮಗನ ಶಲ್ಯದಂಥ ಉದ್ದ ರೆಕ್ಕೆಗಳಿರುತ್ತವೆ. ನನ್ನದಕ್ಕೆ ಗಿಡ್ಡ ರೆಕ್ಕೆ, ನೀಲಿ ಮೈ, ಯಾರನ್ನು ಕಂಡರೂ ದುರುಗುಟ್ಟಿ ನೋಡುವ ಮುಖ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ನೋಡಿದ ಕೂಡಲೇ ಹಿಡಿಸಿಬಿಟ್ಟಿತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ತಂದೆ.

ನಾನು ಶಹಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ರಾಮಸಮುದ್ರದ ಹೆಣ್ಣುಮಗಳು. ಮನೆಗೆ ಬಂದವರು, ಕರೆಂಟಿನ ಮೀಟರ್ ನೋಡಲು ಬಂದವರೂ ಸಹ, ಏನಾದರೂ ಬಾಯಿಗೆ ಹಾಕಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ನಾನು ಮೀನಿಗೆ ಅದರ ಪೊಟ್ಟಣದ ತಿನಿಸು ಬೆಳಗ್ಗೆ ಎರಡು ಕಾಳು, ಸಂಜೆ ಎರಡು ಕಾಳು ಹಾಕುವುದನ್ನು ಕಂಡು ಆಕೆಯ ಕರುಳು ಚುರ್ರೆಂದಿತು.

"ಸಾಸವಿಯಷ್ಟ ಹಾಕ್ತಿ. ಇದೇನ ಊಟೇನ?"

"ಅದರ ಹೊಟ್ಟಿ ಅದರ ಕಣ್ಣಿನಷ್ಟ ಅದ ಅವ್ವಾ. ನೀ ಕೈ ಹಚ್ಚಬ್ಯಾಡ."

ಒಂದು ತಿಂಗಳು ಕಳೆಯುವಷ್ಟರಲ್ಲಿ ಮೀನಿನ ಹೊಟ್ಟೆ ದುಂಡಗಾಯಿತು, ಅದರ ಕೆಳಗೊಂದು ಬಿಳಿ ಚುಕ್ಕೆ ಕಾಣಿಸಿತು. ಹೆಣ್ಣು ಬೆಟ್ಟಾ ಗಂಡಿಲ್ಲದೆಯೂ ಹೊಟ್ಟೆಯಲ್ಲಿ ತತ್ತಿ ಕಟ್ಟುತ್ತದೆ, ಅದರ ಗುರುತು ಆ ಚುಕ್ಕೆ. ಜಾಣತನ ತೋರಿಸಲು ಹೋಗಿ ನಾನೇ ಇದನ್ನು ಅವ್ವನಿಗೆ ಹೇಳಿದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಅವ್ವ ಎದುರುಮನೆಯ ಅಂಗನವಾಡಿ ಅಕ್ಕನನ್ನು ಕರೆತಂದಳು. ಓಣಿಯ ಬಸುರಿಯರ ಹೆಸರು ಬರೆದುಕೊಳ್ಳುವುದೇ ಆ ಅಕ್ಕನ ಕೆಲಸ. ಗಾಜಿನ ತೊಟ್ಟಿಗೆ ಬಗ್ಗಿ ನೋಡಿ, "ದಿನ ತುಂಬ್ಯಾವ್ರಿ. ಗಂಡ ಎಲ್ಲ್ಯದಾನ?" ಎಂದಳು.

"ಯಾದಗಿರ್ಯಾಗ, ಅಂಗಡ್ಯಾಗ ಉಳದಾನ," ಎಂದಳು ಅವ್ವ, ಅಳಿಯನ ಸುದ್ದಿ ಹೇಳುವ ಗತ್ತಿನಲ್ಲಿ.

ನಮ್ಮ ಕಡೆ ಬಸುರಿಗೆ ಬಯಕೆಯ ಊಟ ಮಾಡಿಸುವುದು ರೂಢಿ. ನೆರೆಯ ಹೆಂಗಸರು ಏನು ಬೇಕೆಂದು ಕೇಳಿ, ತಂದು ಉಣಿಸುತ್ತಾರೆ. ಬಯಕೆ ಉಳಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಯಂತೆ. ಮೀನಿನ ಮರಿಗೆ ಸೋರಲು ಕಿವಿಯಾದರೂ ಎಲ್ಲಿದೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನು ಶಾಲೆಗೆ ಹೋದ ಮೇಲೆ ಮುಚ್ಚಳ ತೆಗೆದು ಸಜ್ಜೆ ರೊಟ್ಟಿಯ ಚೂರು, ಶೇಂಗಾ ಹೋಳಿಗೆಯ ಪುಡಿ, ಬೇಯಿಸಿದ ಕೋಳಿತತ್ತಿಯ ಹಳದಿ, ಎಲ್ಲವನ್ನೂ ನೀರಿಗೆ ಬಿಟ್ಟಿದ್ದಾರೆ. ಹೀಗೆ ಎರಡು ದಿನ, ನಾನು ಬರುವಷ್ಟರಲ್ಲಿ ತೇಲಿದ್ದನ್ನೆಲ್ಲ ಸೋಸಿ ತೆಗೆದು.

ಮೂರನೆಯ ದಿನ ನಾನು ಬಂದಾಗ ನೀರು ಅಂಬಲಿಯಂತಾಗಿತ್ತು. ಮುಚ್ಚಳದ ಮೇಲೆ ಬಸುರಿಗೆ ಉಡಿ ತುಂಬುವ ಹಸಿರು ಕುಪ್ಪಸದ ಖಣ ಇಟ್ಟಿದ್ದರು. ಮೀನು ಲಿಂಬೆಕಾಯಿಯಂತೆ ಊದಿಕೊಂಡು ತಳದಲ್ಲಿ ಅಡ್ಡಬಿದ್ದಿತ್ತು.

"ಉಣಿಸಿ ಉಣಿಸಿ ಕೊಂದ್ರೆಲ್ಲ!" ಎಂದು ಕಿರುಚಿದೆ. ಅಂಗನವಾಡಿ ಅಕ್ಕ ತನ್ನ ತಟ್ಟೆ ಎತ್ತಿಕೊಂಡು ಚಪ್ಪಲಿ ಮೆಟ್ಟದೆಯೇ ಮನೆಗೆ ಹೋದಳು.

ಅಂಗಡಿಯವನಿಗೆ ಫೋನ್ ಮಾಡಿದೆ. "ನೀರ ಬದಲ್ ಮಾಡ್ರಿ. ಮೂರ ದಿನ ಏನೂ ಹಾಕಬ್ಯಾಡ್ರಿ. ತಡದ್ರ ಉಳೀತದ," ಎಂದ. ಬಕೆಟ್ಟಿನಲ್ಲಿ ಹಿಂದಿನ ದಿನ ಹಿಡಿದಿಟ್ಟ ನೀರಿತ್ತು, ಬದಲಿಸಿದೆ.

"ಬಸುರಿಗಿ ಉಪಾಸ ಕೆಡವ್ತಾರೇನ? ಯಾವೂರ ಡಾಕ್ಟರ್ ಅಂವ?" ಎಂದು ಶುರು ಮಾಡಿದ ಅವ್ವ ನನ್ನ ಮುಖ ನೋಡಿ ಮುಚ್ಚಳದ ಮೇಲಿನ ಖಣ ಎತ್ತಿ ಮಡಿಚತೊಡಗಿದಳು.

ಆ ರಾತ್ರಿ ಆಕೆ ಉಣ್ಣಲಿಲ್ಲ. ಮರುದಿನವೂ ಬರೀ ಚಹಾ. ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, "ಉಸಿರಾಡಾಕತ್ತಾಳ... ಈಗ ಸ್ವಲ್ಪ ಬಾಲ ಅಲ್ಲಾಡಿಸ್ಯಾಳ" ಎಂದು ತಾಸಿಗೊಮ್ಮೆ ಸುದ್ದಿ ಕೊಡುವಳು. ನನಗೆ ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಮೀನು ಸತ್ತರೆ ಅವ್ವ ತನ್ನ ಕೈಯಿಂದಲೇ ಸತ್ತಿತೆಂದು ಇದ್ದಷ್ಟು ದಿನ ಹಳಹಳಿಸುತ್ತಾಳೆ. ನಾನು ಕಿರುಚಿದ ಮಾತನ್ನು ವಾಪಸು ನುಂಗುವಂತೆಯೂ ಇರಲಿಲ್ಲ.

ಮೂರು ದಿನದ ಉಪವಾಸ ಮುಗಿದು ನಾಲ್ಕನೆಯ ದಿನ ಬೆಳಗ್ಗೆ ಮೀನು ಮೇಲೆ ಬಂದು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿತು. ಒಂದು ಕಾಳು ಹಾಕಿದೆ, ಗಬಕ್ಕನೆ ನುಂಗಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಯಾಕವ್ವಾ ಅಷ್ಟ್ ತಿನ್ನಿಸಾಕ ಹೋದಿ?" ಈ ಸಲ ಮೆತ್ತಗೆ ಕೇಳಿದೆ.

"ನೀ ಹೊಟ್ಟ್ಯಾಗಿದ್ದಾಗ ನನಗ ಯಾರೂ ಕೇಳಿದ್ದಿಲ್ಲ ಯವ್ವಾ, ಏನ ತಿಂತಿ ಅಂತ."

ಇಷ್ಟು ವರ್ಷ ಆಕೆಯ ಕೈಯಿಂದ ಉಂಡ ನಾನೂ ಕೇಳಿರಲಿಲ್ಲ. "ಏನ ತಿನ್ನಬೇಕನಸಿತ್ತು?"

ಅವ್ವ ತೊಟ್ಟಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹತ್ತಿಕುಣಿ ಕೆರಿ ಮೀನ. ಶ್ರಾವಣ ಇತ್ತು, ನಿಮ್ಮಜ್ಜಿ ಮನ್ಯಾಗ ತರಗೊಡಲಿಲ್ಲ. ಆಮ್ಯಾಲ ಭಾಳ ಸಲ ತಿಂದೀನಿ ಬಿಡು. ಆದ್ರ ಅದು ಬ್ಯಾರೆ."

ನಕ್ಕುನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲವೂ ನಗೆಯ ನೀರಲ್ಲ.

ರವಿವಾರ ಹತ್ತಿಕುಣಿಗೆ ಹೋಗಿ ಮೀನು ತಂದು ನಾನೇ ಹುರಿದೆ. ಅವ್ವನನ್ನು ಕೂಡಿಸಿ ತಟ್ಟೆ ಇಟ್ಟರೆ, "ತಡಿ, ಆಕಿ ಮುಂದ ಬ್ಯಾಡ," ಎಂದು ಎದ್ದು ಹೋಗಿ ತೊಟ್ಟಿಯ ಮೇಲೆ ಟವೆಲ್ ಹೊದಿಸಿ ಬಂದಳು. ಆಮೇಲೆ ಮುಳ್ಳಷ್ಟೇ ಉಳಿಯುವಂತೆ ತಿಂದಳು. ನಾನು ಎದುರಿಗೆ ಕೂತು, ಇನ್ನೇನು ಬೇಕು, ಇನ್ನೇನು ಬೇಕು ಎಂದು ಕೇಳಿ ಕೇಳಿ ಬಡಿಸಿದೆ.