ನರದಾಗ ಊಟ ಹೋಗತೈತಂತ!

“ಗಾಳಿ ಹೋತೇನ್ರಿ?”

ಹೋದ ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನಮ್ಮ ಮನೆಯವರಿಗೆ ದಿನಾ ಬೆಳಿಗ್ಗೆ ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಗಜೇಂದ್ರಗಡದಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ನಡೆಸುವ ನನ್ನ ಗಂಡ, ಜನರ ಮುಂದೆ ಆಕಳಿಸಲೂ ನಾಚುವ ಮನುಷ್ಯ. ಇಡೀ ವಾರ್ಡಿನೆದುರು “ಇಲ್ರಿ” ಎಂದು ಗೋಡೆ ಕಡೆ ತಿರುಗುತ್ತಿದ್ದರು.

ಆಗಿದ್ದಿಷ್ಟು. ಕರುಳು ತಿರುಚಿಕೊಂಡು ಒಂದು ತುಂಡು ಕಪ್ಪಾಗಿತ್ತು. ಅದನ್ನು ಕತ್ತರಿಸಿ, ಉಳಿದೆರಡು ತುದಿ ಸೇರಿಸಿ ಹೊಲಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಕರುಳು ಮಾತ್ರ ಕೆಲಸ ಶುರು ಮಾಡಲೊಲ್ಲದು.

“ಅದು ಇನ್ನೂ ಮಲಗೈತ್ರಿ. ಗಾಳಿ ಹೋತಂದ್ರ ಎದ್ದಂಗ. ಅಲ್ಲೀತನಕ ಬಾಯಿಗೆ ಏನೂ ಕೊಡಬ್ಯಾಡ್ರಿ. ಊಟ ನೇರ ರಕ್ತದಾಗ ಹೋಗತೈತಿ” ಎಂದರು ಡಾಕ್ಟರು. ಕುತ್ತಿಗೆಯ ಬಳಿ ಸಣ್ಣ ನಳಿಕೆ ಹಾಕಿ, ಹಾಲಿನಂಥ ದ್ರವದ ಚೀಲ ತೂಗುಬಿಟ್ಟರು. ಸಕ್ಕರೆ, ಕೊಬ್ಬು, ಪ್ರೋಟೀನು ಎಲ್ಲ ಅದರಲ್ಲೇ.

ನನಗೆ ಅರ್ಥವಾಯಿತು. ನೆಂಟರಿಗೆ ಆಗಬೇಕಲ್ಲ?

ನರೇಗಲ್ಲಿನಿಂದ ಬಂದ ಇವರ ಕಾಕಾ ಮಂಚದ ಪಕ್ಕದಲ್ಲೇ ಡಬ್ಬಿ ಬಿಚ್ಚಿದರು. ಎಣ್ಣೆಗಾಯಿ! “ವಾಸನಿ ಆದ್ರೂ ತಗೊಳ್ಳಲಿ ಬಿಡವಾ.” ಸೂಡಿಯ ನಾದಿನಿ ನನ್ನನ್ನೇ ಗದರಿದಳು: “ಹೊಟ್ಟಿಗೆ ಹಾಕದ ಮಲಗಿಸೀರಲ್ಲ ವೈನಿ, ಶಕ್ತಿ ಎಲ್ಲಿಂದ ಬರಬೇಕು?” ಚೀಲ ತೋರಿಸಿದೆ. “ಅದು ಸಲಾಯನ್. ನನಗ ಗೊತ್ತಿಲ್ಲೇನ?” (ಸಲಾಯನ್ ಬೇರೆ, ಇದು ಬೇರೆ ಎಂದು ಇನ್ನೆಷ್ಟು ಸಲ ಹೇಳಲಿ?) ಇನ್‌ಕಮಿಂಗ್ ಫ್ರೀ ಆದ ಮೇಲಂತೂ ಮೊಬೈಲಿಗೂ ಪುರಸೊತ್ತಿಲ್ಲ. “ಏನ ಉಂಡಾರ?” ಅಬ್ಬಿಗೇರಿಯ ನೆಂಟರಿಂದ ಬಂದ ಪ್ರತಿ ಫೋನಿನಲ್ಲೂ ಅದೇ.

ಎಲ್ಲಕ್ಕಿಂತ ದೊಡ್ಡ ಚಿಂತೆ ನಮ್ಮತ್ತೆ. ಚೀಲವನ್ನು ದಿಟ್ಟಿಸಿ ನೋಡುವರು, ನಿಟ್ಟುಸಿರು ಬಿಡುವರು. “ನರದಾಗ ಊಟ ಹೋಗತೈತಂತ! ನಾಲಿಗಿಗೆ ಹತ್ತದ್ದು ಎಂಥಾ ಊಟ?”

ಒಂದು ಮಧ್ಯಾಹ್ನ ಔಷಧಿ ತರಲು ಕೆಳಗಿಳಿದೆ. ಬರುವಷ್ಟರಲ್ಲಿ ಅತ್ತೆ ಮಗನ ತಲೆ ಎತ್ತಿ ಹಿಡಿದು, ನುಚ್ಚಿನ ಗಂಜಿ ಕುಡಿಸಿಯಾಗಿತ್ತು.

“ಅತ್ತೀ, ಏನ ಮಾಡಿದ್ರಿ ಇದು?”

“ಎರಡ ಗುಟುಕು ಅಷ್ಟ. ತಾಯಿ ಕೊಟ್ಟದ್ದು ಏನ ಮಾಡತೈತಿ?”

ಸಂಜೆಯೊಳಗೆ ಹೊಟ್ಟೆ ನಗಾರಿಯಂತೆ ಉಬ್ಬಿತು. ವಾಂತಿ. ಹೊಟ್ಟೆಯಲ್ಲಿದ್ದದ್ದನ್ನು ಹೊರತೆಗೆಯಲು ಮೂಗಿನೊಳಗೆ ನಳಿಕೆ. ಹೊಲಿಗೆ ಬಿಚ್ಚಿದ್ದರೆ ಇನ್ನೊಮ್ಮೆ ಹೊಟ್ಟೆ ಕೊಯ್ಯಬೇಕು ಎಂದ ಡಾಕ್ಟರು ಬೈದದ್ದು ಯಾರಿಗೆ? ನನಗೆ. ಇವರು ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದರು.

ಅತ್ತೆ ಮೂಲೆ ಸೇರಿದರು. ಊಟವನ್ನೇ ಬಿಟ್ಟರು. “ಅಂವಾ ಉಂಡ ಮ್ಯಾಲೆ ನಾ ಉಣ್ತೀನಿ.” ಶುಗರ್ ಇರುವ ಹೆಂಗಸು! ಮರುದಿನ ಕಣ್ಣಿಗೆ ಕತ್ತಲೆ ಬಂದು ಕುಸಿದರು. ಹೆಂಗಸರ ವಾರ್ಡಿನಲ್ಲಿ ಅವರಿಗೂ ಡ್ರಿಪ್. ಗಂಡನ ಮಂಚದಿಂದ ಅತ್ತೆಯ ಮಂಚಕ್ಕೆ, ಅಲ್ಲಿಂದ ಇಲ್ಲಿಗೆ ನನ್ನ ಓಡಾಟ. ನಗಬೇಕೋ, ಅಳಬೇಕೋ?

ಪುಣ್ಯಕ್ಕೆ ಹೊಲಿಗೆ ಗಟ್ಟಿಯಾಗಿತ್ತು. ನಿಧಾನಕ್ಕೆ ಹೊಟ್ಟೆ ಇಳಿಯಿತು. ಒಂದು ಬೆಳಿಗ್ಗೆ, ಡಾಕ್ಟರು ಬರುವ ಮೊದಲೇ, ಇವರು ನನ್ನ ಸೆರಗು ಎಳೆದು ಪಿಸುಗುಟ್ಟಿದರು. “ಹೋತು.”

ಓಡಿಹೋಗಿ ಅತ್ತೆಗೆ ಹೇಳಿದೆ. “ಖರೇನ?” ಎಂದವರೇ ಗಳಗಳ ಅತ್ತರು. ಆಮೇಲೆ ತಟ್ಟೆ ಎಳೆದುಕೊಂಡು ಉಂಡರು.

ಮೊದಲು ನೀರು, ಆಮೇಲೆ ಗಂಜಿ ಎಂದು ಡಾಕ್ಟರು ಒಪ್ಪಿಗೆ ಕೊಟ್ಟರು. ಗಂಜಿ ಬಂದ ದಿನ ಅತ್ತೆ ಹತ್ತಿರ ಬರಲೇ ಇಲ್ಲ. “ನೀನ ಕುಡಸವಾ. ನನಗ ಅಂಜಿಕಿ.” ಅಷ್ಟು ದಿನ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ! ಚಮಚವನ್ನು ಅವರ ಕೈಗೇ ಕೊಟ್ಟೆ. ಅಷ್ಟು ಸಣ್ಣ ಗುಟುಕನ್ನು ಅಷ್ಟು ಹೊತ್ತು ಊದಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಈಗ ಮನೆಯಲ್ಲಿದ್ದೇವೆ. ಸ್ವಲ್ಪ ಸ್ವಲ್ಪವೇ ಮೆತ್ತಗಿನ ಅನ್ನ. ನಿನ್ನೆ ಬಾಜು ಮನೆಯಾಕೆ ಬಂದಳು, ಬಿಸಿ ಬಿಸಿ ಮಿರ್ಚಿ ಭಜಿಯ ಪೊಟ್ಟಣ ಹಿಡಿದು. “ಈಗರೆ ತಿನ್ನಬಹುದಲ್ರಿ?”

ಅಲ್ಲ, ರೋಗಿಯ ಪಕ್ಕ ಬರಿಗೈಯಲ್ಲಿ ಸುಮ್ಮನೆ ಕೂತು ಎದ್ದುಹೋಗುವುದು ನಮಗೆ ಯಾಕಿಷ್ಟು ಕಷ್ಟ?