ಗಟಾರದ ಕುಬಸ

ಮಚ್ಚೇಂದ್ರನ ಬಾಯಿಗೆ ಬೀಗ ಹಾಕುವವರು ಹುಮನಾಬಾದ್‌ನಲ್ಲಿ ಇನ್ನೂ ಹುಟ್ಟಿಲ್ಲ. ಅರ್ಧ ಆಯುಷ್ಯ ಮ್ಯಾನ್‌ಹೋಲ್ ಇಳಿದು ಹತ್ತುವುದರಲ್ಲೇ ಕಳೆದವನು. ಒಮ್ಮೆ ಒಳಗಿನ ಗಾಳಿಗೆ ಎಚ್ಚರ ತಪ್ಪಿ ಬಿದ್ದಾಗ ಹಗ್ಗ ಹಾಕಿ ಎಳೆದಿದ್ದರು. ಅಂದಿನಿಂದ ಹೆಂಡತಿ ಸುಗಂಧಾ ಇಳಿಯಬೇಡಿ ಎಂದು ಗೋಗರೆಯುತ್ತಲೇ ಇದ್ದಳು. ಆದರೆ ಹಳೇ ಪೈಪು ಕಟ್ಟಿಕೊಂಡಾಗಲೆಲ್ಲ ಓಣಿಯವರು ಬರುತ್ತಿದ್ದುದು ಅವನ ಬಾಗಿಲಿಗೇ.

ಈಗ ರಸ್ತೆ ಅಗೆಯದೆ ಪೈಪು ರಿಪೇರಿ ಮಾಡುವ ಕಂಪನಿಯೊಂದು ಬಂದು ಅವನನ್ನು ಕೆಲಸಕ್ಕಿಟ್ಟುಕೊಂಡಿತ್ತು. ಅಂಟಿನಲ್ಲಿ ನೆನೆಸಿದ ಉದ್ದನೆಯ ಬಟ್ಟೆಯ ತೋಳನ್ನು ಪೈಪಿನೊಳಗೆ ತೂರಿಸಿ, ಉಬ್ಬಿಸಿ, ಬಿಸಿ ಹಬೆ ಕೊಟ್ಟರೆ ಅದೇ ಗಟ್ಟಿಯಾಗಿ ಹೊಸ ಪೈಪಾಗುತ್ತದೆ. ಅಷ್ಟರೊಳಗೆ ಮನೆಗಳಿಂದ ನೀರು ಬಂದರೆ ಸುಕ್ಕು ಬೀಳುತ್ತದೆ. ಸುಕ್ಕು ಬಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತೆ ಮಚ್ಚೇಂದ್ರನೇ ಇಳಿಯಬೇಕು.

ಮನೆಮನೆಗೆ ಹೇಳಿಬರುವ ಕೆಲಸ ಅವನದು. ನೆಟ್ಟಗೆ ಹೇಳಿದರೆ ಅವನು ಮಚ್ಚೇಂದ್ರನೇ ಅಲ್ಲ. ಪೈಪಿಗೆ ಮೈಗಂಟುವ ರವಿಕೆ, ಅಂದರೆ ಕುಬಸ ತೊಡಿಸುವುದಲ್ಲವೇ! "ನಾಳೆ ಕುಬಸ ಅದರಿ! ಮುಂಜಾನಿ ನೀರು ಚೆಲ್ಲಬ್ಯಾಡ್ರಿ!" ಎಂದು ಕೂಗುತ್ತ ಹೋದ.

ಕಿರಾಣಿ ಅಂಗಡಿಯ ಪಾರ್ವತಿಬಾಯಿಗೆ ಕಿವಿ ಮಂದ. ಮೊದಲ ಮಾತು ಕೇಳಿಸಿತು, ಎರಡನೆಯದು ಗಾಳಿಗೆ ಹೋಯಿತು. ಮಚ್ಚೇಂದ್ರನ ಮಗಳು ರತ್ನಮಾಲಾ ಏಳು ತಿಂಗಳ ಬಸುರಿ, ಸೀಮಂತದ ಕುಬಸ ಮಾಡುವ ಹೊತ್ತು ಎಂಬುದು ಓಣಿಗೆಲ್ಲ ಗೊತ್ತು. "ಬಾಯಿಬಿಟ್ಟು ಕರದಾನ, ಹೋಗಲಿಲ್ಲಂದ್ರ ಹ್ಯಾಂಗ?" ಎಂದು ಸೊಸೆಯಂದಿರಿಗೂ ತಲೆಸ್ನಾನಕ್ಕೆ ಹೇಳಿದಳು.

ಮರುದಿನ ಪೈಪಿನೊಳಗೆ ಬಟ್ಟೆಯ ತೋಳು ಉಬ್ಬುತ್ತಿದ್ದಾಗ ಮಚ್ಚೇಂದ್ರನಿಗೆ ಅವಳ ಬಚ್ಚಲಿನ ಹೊಗೆ ಕಂಡಿತು. ಓಡಿದ.

"ಅವ್ವಾರ, ನೀರು ಹಾಕ್ಕೋಬ್ಯಾಡ್ರಿ!"

"ಜಳಕ ಮಾಡದ ಕುಬಸಕ್ಕ ಬರ್ಲೇನೋ?"

"ಕುಬಸ ಮಗಳದಲ್ರಿ, ಗಟಾರದ್ದು!"

"ಗಟಾರಕ್ಕ ಎಷ್ಟನೇ ತಿಂಗಳೋ?"

ನಗಲು ಅವನಿಗೆ ಉಸಿರಿರಲಿಲ್ಲ. "ಸುಕ್ಕು ಬಿದ್ರ ನಾನೇ ಇಳೀಬೇಕಾಗ್ತದರಿ," ಎಂದ. ಮುದುಕಿ ತಂಬಿಗೆ ಕೆಳಗಿಟ್ಟು ಒಲೆಯ ಕಟ್ಟಿಗೆ ಹೊರಗೆಳೆದಳು. "ಯಾರರ ನಳ ಮುಟ್ಟಿದ್ರ ಕೈ ಮುರೀತೀನಿ!" ಎಂದು ಸೊಸೆಯಂದಿರನ್ನು ಗದರಿದಳು.

ಪೈಪಿನೊಳಗೆ ಹೋಗಿಬಂದ ಕ್ಯಾಮೆರಾ ಒಂದು ಸುಕ್ಕನ್ನೂ ತೋರಿಸಲಿಲ್ಲ. ಮಚ್ಚೇಂದ್ರ ಕುಣಿಯುತ್ತ ಮನೆಗೆ ಬಂದರೆ ಪಾರ್ವತಿಬಾಯಿ ಚಾಪೆಯ ಮೇಲೆ ಕುಳಿತು ರತ್ನಮಾಲಾಳ ಉಡಿಗೆ ಹಸಿರು ಕುಬಸ, ಬಳೆ ಇಡುತ್ತಿದ್ದಳು. ಇಷ್ಟು ವರ್ಷ ಅವನನ್ನು ತನ್ನ ಅಂಗಡಿ ಕಟ್ಟೆಯ ಕೆಳಗೇ ನಿಲ್ಲಿಸಿ ಮಾತಾಡಿಸಿದವಳು ಅವಳು. ಅವನಿಗೆ ಖುಷಿಯೂ ಆಯಿತು, ಹಳೇ ಸಿಟ್ಟೂ ಬಂತು.

"ತಂದೀನಿ, ವಾಪಸ್ ಒಯ್ಯಂಗಿಲ್ಲ. ಕೆಲಸ ಆತೇನೋ?"

"ಆತ್ರಿ ಅವ್ವಾರ. ಇನ್ನ ನಾ ಇಳಿಯೂದಿಲ್ಲ."

ಒಳಗೆ ಚಹಾ ಸೋಸುತ್ತಿದ್ದ ಸುಗಂಧಾಳ ಕೈ ನಿಂತಿತು. ಹೊರಗೆ ಬಂದು ಬಾಗಿಲಲ್ಲಿ ನಿಂತಳು.

"ಏನಂದ್ರಿ? ಇನ್ನೊಮ್ಮೆ ಅನ್ರಿ."